ಹೊಸ ತಂಡಕ್ಕೆ ಮಣೆ, ಹಳೆಯ ಅಭಿಮಾನಿಗೆ ಏನು?



ಬೇಸಿಗೆ ಬಂತೆಂದರೆ ನಮ್ಮ ಅಂಗಡಿಗಳಲ್ಲಿ ಸಂಜೆಯ ಮಾತು ಧಾರಣೆಯಿಂದ ಕ್ರಿಕೆಟ್ಟಿನ ಕಡೆಗೆ ಜಾರುವುದು ಈಗ ವಾಡಿಕೆಯೇ ಆಗಿಬಿಟ್ಟಿದೆ. 2008ರಲ್ಲಿ ಐಪಿಎಲ್ ಆರಂಭವಾದ ಮೇಲಂತೂ ಮಕ್ಕಳು, ಸೊಸೆಯಂದಿರು, ಅಜ್ಜಂದಿರು ಎಲ್ಲರಿಗೂ ಒಂದೊಂದು ತಂಡ. ನಾಡಿನ ಗಡಿಯಾಚೆ ನೆಲೆಸಿರುವ ನಮ್ಮ ಮನೆಗಳಲ್ಲಿ ಇದು ಇನ್ನಷ್ಟು ಸ್ವಾರಸ್ಯದ ಸಂಗತಿ. ಸೊಲ್ಲಾಪುರ, ಅಕ್ಕಲಕೋಟೆ, ಜತ್ತಿನವರಿಗೆ ಸರಕು ಬರುವುದು ಮುಂಬಯಿ, ಪುಣೆಗಳಿಂದ. ಹೊಸೂರು, ತಾಳವಾಡಿ, ನೀಲಗಿರಿಯವರಿಗೆ ರಾಜಧಾನಿ ಚೆನ್ನೈ. ಆದವಾನಿ, ರಾಯದುರ್ಗದ ಕಡೆಯವರಿಗೆ ಹೈದರಾಬಾದಿನ ಬಳಕೆ. ಕಾಸರಗೋಡು, ವಯನಾಡಿನವರಿಗೆ ಕೊಚ್ಚಿ. ಆದರೆ ಮನೆಮಾತು ಕನ್ನಡವಾದ್ದರಿಂದ ಬೆಂಗಳೂರಿನ ತಂಡದ ಮೇಲೆ ಒಂದು ಒಲವು ಇದ್ದೇ ಇರುತ್ತದೆ. ಹೀಗಾಗಿ ಒಂದೇ ಮನೆಯಲ್ಲಿ ತಂದೆ ಒಂದು ತಂಡ, ಮಗ ಇನ್ನೊಂದು ತಂಡ.

ಇಂಥ ಮನೆಗಳಲ್ಲಿ ಕೆಲವು ವರ್ಷಗಳಿಂದ ಒಂದು ದೂರು ಮತ್ತೆ ಮತ್ತೆ ಕೇಳಿಬರುತ್ತಿದೆ. “ಹೊಸದಾಗಿ ಬಂದ ತಂಡಗಳಿಗೆ ಮಂಡಳಿಯವರು ಮಣೆ ಹಾಕುತ್ತಾರೆ. ಹದಿನಾಲ್ಕು ವರ್ಷ ಕಾದವರಿಗೆ ಏನೂ ಇಲ್ಲ, ನಿನ್ನೆ ಬಂದವರಿಗೆ ಮೊದಲ ವರ್ಷವೇ ಕಪ್ಪು!” ಗುಜರಾತ್ ಟೈಟನ್ಸ್ ತಂಡ 2022ರಲ್ಲಿ ಮೊದಲ ಸಲ ಆಡಿ ಮೊದಲ ಸಲವೇ ಗೆದ್ದಾಗ ಹುಟ್ಟಿದ ಮಾತಿದು. ಇದನ್ನು ಹುಡುಗಾಟದ ಮಾತೆಂದು ತಳ್ಳಿಹಾಕುವುದು ನಮಗೆ ಸರಿಕಾಣದು. ವ್ಯಾಪಾರದ ಮನೆತನದವರಾದ ನಾವು ಯಾವ ದೂರನ್ನೂ ಖಾತೆ ತೆಗೆದು ನೋಡದೆ ಒಪ್ಪುವುದೂ ಇಲ್ಲ, ಬಿಡುವುದೂ ಇಲ್ಲ. ಆದ್ದರಿಂದ ಈ ಸಲದ ಅಂಕಣದಲ್ಲಿ ಈ ಲೆಕ್ಕವನ್ನೇ ಬಿಡಿಸಿ ನೋಡೋಣ.

ಮೊದಲು ದೂರಿನ ಮೂಲಕ್ಕೆ ಹೋಗೋಣ. 2021ರ ಅಕ್ಟೋಬರ್ 25ರಂದು ದುಬೈಯಲ್ಲಿ ಎರಡು ಹೊಸ ತಂಡಗಳ ಹಕ್ಕು ಮಾರಾಟವಾಯಿತು. ಲಖನೌ ತಂಡವನ್ನು ಆರ್‌ಪಿಎಸ್‌ಜಿ ಸಮೂಹ 7,090 ಕೋಟಿ ರೂಪಾಯಿಗೂ, ಅಹಮದಾಬಾದ್ ತಂಡವನ್ನು ಸಿವಿಸಿ ಕ್ಯಾಪಿಟಲ್ ಎಂಬ ವಿದೇಶಿ ಹೂಡಿಕೆ ಸಂಸ್ಥೆ 5,625 ಕೋಟಿ ರೂಪಾಯಿಗೂ ಕೊಂಡವು. ಮಂಡಳಿ ಇಟ್ಟಿದ್ದ ಮೂಲಬೆಲೆ 2,000 ಕೋಟಿ ಮಾತ್ರ. ಎರಡೂ ಸೇರಿ 12,715 ಕೋಟಿ ರೂಪಾಯಿ ಬಂತು.

ಇದಾದ ಮೇಲೆ 2022ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿ ದೊಡ್ಡ ಹರಾಜು. ಅದಕ್ಕೆ ಮುನ್ನ ಮಾಡಿದ ನಿಯಮಗಳೇ ಹಳೆಯ ತಂಡಗಳ ಅಭಿಮಾನಿಗಳ ಕಣ್ಣು ಕೆಂಪಾಗಿಸಿದ್ದು. ಹಳೆಯ ಎಂಟು ತಂಡಗಳು ತಲಾ ನಾಲ್ವರನ್ನು ಮಾತ್ರ ಉಳಿಸಿಕೊಳ್ಳಬಹುದು. ಉಳಿದವರೆಲ್ಲ ಕೈಬಿಟ್ಟಂತೆ. ಹಾಗೆ ಕೈಬಿಟ್ಟವರಲ್ಲಿ ಹೊಸ ತಂಡಗಳು ತಲಾ ಮೂವರನ್ನು ಹರಾಜಿಗೆ ಮೊದಲೇ ಆರಿಸಿಕೊಳ್ಳಬಹುದು. ಗುಜರಾತಿನವರು ಮುಂಬಯಿ ಬಿಟ್ಟ ಹಾರ್ದಿಕ್ ಪಾಂಡ್ಯ, ಹೈದರಾಬಾದ್ ಬಿಟ್ಟ ರಶೀದ್ ಖಾನ್, ಕೋಲ್ಕತ್ತ ಬಿಟ್ಟ ಶುಭಮನ್ ಗಿಲ್ ಈ ಮೂವರನ್ನು ಹಿಡಿದರು. ಲಖನೌದವರು ಪಂಜಾಬಿನ ನಾಯಕನಾಗಿದ್ದ ನಮ್ಮ ಕೆ. ಎಲ್. ರಾಹುಲ್, ಅದೇ ಪಂಜಾಬಿನ ರವಿ ಬಿಷ್ಣೋಯಿ ಮತ್ತು ದೆಹಲಿಯ ಮಾರ್ಕಸ್ ಸ್ಟೋಯಿನಿಸ್ ಇವರನ್ನು ಕರೆದುಕೊಂಡರು.

ಇನ್ನೂ ಒಂದು ಸಂಗತಿ ಇದೆ. 2018ರ ದೊಡ್ಡ ಹರಾಜಿನಲ್ಲಿ ಹಳೆಯ ತಂಡಕ್ಕೆ ಒಂದು ಅನುಕೂಲವಿತ್ತು. ತನ್ನ ಆಟಗಾರನನ್ನು ಬೇರೆಯವರು ಕೂಗಿದಾಗ ಅದೇ ಬೆಲೆ ಕೊಟ್ಟು ಅವನನ್ನು ವಾಪಸು ಕರೆದುಕೊಳ್ಳುವ ಹಕ್ಕು ಅದು. ಉಳಿಸಿಕೊಂಡವರು, ಹೀಗೆ ವಾಪಸು ಪಡೆದವರು ಸೇರಿ ಆಗ ಐವರ ತನಕ ಅವಕಾಶವಿತ್ತು. 2022ರಲ್ಲಿ ಆ ಹಕ್ಕನ್ನೇ ತೆಗೆದರು. ಐದು ಹೋಗಿ ನಾಲ್ಕಾಯಿತು. ಹೊಸಬರು ಬಂದ ವರ್ಷವೇ ಹಳಬರ ಬಿಗಿ ಹೆಚ್ಚಾಯಿತು ಎಂಬುದು ಬರೀ ಕಲ್ಪನೆಯಲ್ಲ, ಕಾಗದದ ಮೇಲಿರುವ ಸಂಗತಿ.

ಮುಂದೆ ಆದದ್ದು ಎಲ್ಲರಿಗೂ ಗೊತ್ತು. ಗುಜರಾತ್ 14 ಪಂದ್ಯಗಳಲ್ಲಿ 10 ಗೆದ್ದು ಪಟ್ಟಿಯ ತಲೆಯಲ್ಲಿ ಕುಳಿತಿತು. ಲಖನೌ 9 ಗೆದ್ದು ಮೂರನೆಯದಾಯಿತು. ಅದುವರೆಗೆ ಐದು ಸಲ ಗೆದ್ದಿದ್ದ ಮುಂಬಯಿ ಕಟ್ಟಕಡೆಗೆ, ನಾಲ್ಕು ಸಲ ಗೆದ್ದಿದ್ದ ಚೆನ್ನೈ ಅದರ ಮೇಲಿನ ಮೆಟ್ಟಿಲಿಗೆ. ಮೇ 29ರಂದು ಅಹಮದಾಬಾದಿನಲ್ಲೇ ಅಂತಿಮ ಪಂದ್ಯ. ಒಂದು ಲಕ್ಷಕ್ಕೂ ಮಿಕ್ಕಿದ ಜನರೆದುರು ಗುಜರಾತ್ ರಾಜಸ್ಥಾನವನ್ನು ಏಳು ವಿಕೆಟ್ಟುಗಳಿಂದ ಸೋಲಿಸಿತು. “ನೋಡಿದಿರಾ, ಹೊಸ ಅಳಿಯನಿಗೆ ಮನೆಯಂಗಳದಲ್ಲೇ ಆರತಿ!” ಎಂದು ಬಹಳ ಜನ ಗೊಣಗಿದರು.

ದೂರಿನ ಪಕ್ಷ ಇಷ್ಟು. ಈಗ ಖಾತೆಯ ಇನ್ನೊಂದು ಮಗ್ಗುಲು ತಿರುವೋಣ.

ಆ ವರ್ಷ ಪ್ರತಿ ತಂಡಕ್ಕೂ ಆಟಗಾರರಿಗಾಗಿ ಖರ್ಚು ಮಾಡಲು 90 ಕೋಟಿ ರೂಪಾಯಿಯ ಮಿತಿ. ಬೆಂಗಳೂರು ವಿರಾಟ್ ಕೊಹ್ಲಿ, ಮ್ಯಾಕ್ಸ್‌ವೆಲ್, ಸಿರಾಜ್ ಈ ಮೂವರನ್ನು 33 ಕೋಟಿಗೆ ಉಳಿಸಿಕೊಂಡು 57 ಕೋಟಿಯೊಡನೆ ಹರಾಜಿಗೆ ಕೂತಿತು. ಗುಜರಾತ್ ತನ್ನ ಮೂವರಿಗೆ 38 ಕೋಟಿ ತೆತ್ತು 52 ಕೋಟಿಯೊಡನೆ ಕೂತಿತು. ಎಂದರೆ ಹೊಸ ತಂಡದ ಥೈಲಿಯಲ್ಲಿ ಬೆಂಗಳೂರಿಗಿಂತ ಐದು ಕೋಟಿ ಕಡಮೆಯೇ ಇತ್ತು. ಮೂವರಿಗೆ ಮೂವರು, ಹಣವೂ ಕಡಮೆ. ಇದನ್ನು ದಾನ ಎನ್ನಲಾದೀತೇ?

ಇನ್ನು ಮನೆಯಂಗಳದ ಮಾತು. ಆ ವರ್ಷ ಕೊರೋನಾದ ಕಾರಣ ಲೀಗ್ ಪಂದ್ಯಗಳೆಲ್ಲ ಮುಂಬಯಿ, ನವಿ ಮುಂಬಯಿ, ಪುಣೆಗಳಲ್ಲೇ ನಡೆದವು. ಗುಜರಾತಿನವರು ತಮ್ಮ ಊರಿನಲ್ಲಿ ಒಂದೇ ಒಂದು ಲೀಗ್ ಪಂದ್ಯವನ್ನೂ ಆಡಲಿಲ್ಲ. ಕೊನೆಯ ಹಂತದ ಪಂದ್ಯಗಳು ಕೋಲ್ಕತ್ತ ಮತ್ತು ಅಹಮದಾಬಾದಿಗೆಂದು ಗೊತ್ತಾದಾಗ ಲೀಗ್ ಇನ್ನೂ ನಡೆಯುತ್ತಿತ್ತು. ಯಾರು ಅಂತಿಮಕ್ಕೆ ಬರುತ್ತಾರೆಂದು ಆಗ ಯಾರಿಗೂ ತಿಳಿದಿರಲಿಲ್ಲ.

ಬೆಂಗಳೂರಿನ ಅಭಿಮಾನಿಗಳು ಇನ್ನೊಂದು ಲೆಕ್ಕವನ್ನು ಗಮನಿಸಬೇಕು. ಹೊಸ ತಂಡಗಳು ಮೊದಲೇ ಆರಿಸಿಕೊಂಡ ಆರು ಮಂದಿಯಲ್ಲಿ ಬೆಂಗಳೂರಿನವನು ಒಬ್ಬನೂ ಇಲ್ಲ. ನಾವು ಬಹಳ ಹಳಹಳಿಸಿದ್ದು ಯುಜವೇಂದ್ರ ಚಹಲ್ ಹೋದದ್ದಕ್ಕೆ, ದೇವದತ್ತ ಪಡಿಕ್ಕಲ್ ಹೋದದ್ದಕ್ಕೆ. ಅವರಿಬ್ಬರೂ ಹೋದದ್ದು ರಾಜಸ್ಥಾನಕ್ಕೆ. ರಾಜಸ್ಥಾನವೇನು ಹೊಸ ತಂಡವೇ? ಮೊಟ್ಟಮೊದಲ ವರ್ಷದ ಕಪ್ಪನ್ನೇ ಗೆದ್ದ ತಂಡ! ಚಹಲ್ ಆ ವರ್ಷ 27 ವಿಕೆಟ್ ಪಡೆದು ಎಲ್ಲರಿಗಿಂತ ಮುಂದಿದ್ದ. ಕಳೆದುಕೊಂಡ ನೋವು ನಿಜ. ಆದರೆ ಕಿತ್ತುಕೊಂಡವನು ಹೊಸಬನಲ್ಲ.

ಅದೇ ವರ್ಷ ಇನ್ನೊಂದು ಘಟನೆಯೂ ನಡೆಯಿತು. ಮೇ 25ರಂದು ಕೋಲ್ಕತ್ತದಲ್ಲಿ ಬೆಂಗಳೂರು ಮತ್ತು ಹೊಸ ಲಖನೌ ಎದುರಾದವು. ಸೋತವರು ಮನೆಗೆ. ರಜತ್ ಪಾಟೀದಾರ್ ಎಂಬ ಹುಡುಗ ಔಟಾಗದೆ 112 ಓಟ ಹೊಡೆದು ಬೆಂಗಳೂರನ್ನು 14 ಓಟಗಳಿಂದ ಗೆಲ್ಲಿಸಿದ. ಆ ಹುಡುಗನನ್ನು ಹರಾಜಿನಲ್ಲಿ ಹತ್ತು ತಂಡಗಳಲ್ಲಿ ಒಂದೂ ಕೊಂಡಿರಲಿಲ್ಲ. ಗಾಯಗೊಂಡ ಇನ್ನೊಬ್ಬ ಆಟಗಾರನ ಬದಲಿಗೆ ನಡುವೆ ಕರೆಸಿಕೊಂಡವನು. ಹರಾಜಿನ ಚೀಟಿಯಲ್ಲೇ ಎಲ್ಲವೂ ನಿರ್ಧಾರವಾಗುವುದಿಲ್ಲ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಹಾಗಾದರೆ ಹೊಸಬರಿಗೆ ಇಂಥ ಒತ್ತಾಸೆ ಬೇಕಾದರೂ ಏಕೆ? ಎಲ್ಲರಂತೆ ಅವರೂ ಹರಾಜಿನಲ್ಲಿ ಕೂಗಿಕೊಳ್ಳಲಿ ಎನ್ನಬಹುದಲ್ಲವೇ? ಹಾಗೆ ಮಾಡಿ ನೋಡಿದ ಅನುಭವವೂ ಐಪಿಎಲ್ಲಿಗೆ ಉಂಟು. ಆ ಕಥೆ ನಮ್ಮ ಸೊಲ್ಲಾಪುರ, ಕಾಸರಗೋಡಿನ ಮನೆಗಳಿಗೆ ಸೇರಿದ್ದು.

2010ರ ಮಾರ್ಚಿನಲ್ಲಿ ಪುಣೆ ಮತ್ತು ಕೊಚ್ಚಿ ಎಂಬ ಎರಡು ಹೊಸ ತಂಡಗಳನ್ನು ಮಾರಿದರು. ಪುಣೆಯನ್ನು ಸಹಾರಾದವರು 37 ಕೋಟಿ ಡಾಲರಿಗೆ, ಕೊಚ್ಚಿಯನ್ನು ಹಲವು ಪಾಲುದಾರರ ಒಂದು ಕೂಟ 33.33 ಕೋಟಿ ಡಾಲರಿಗೆ ಕೊಂಡಿತು. 2008ರಲ್ಲಿ ಎಂಟು ತಂಡಗಳೂ ಸೇರಿ ಮಾರಾಟವಾಗಿದ್ದು ಸುಮಾರು 72 ಕೋಟಿ ಡಾಲರಿಗೆ. ಎರಡೇ ವರ್ಷದಲ್ಲಿ ಎರಡೇ ತಂಡಗಳಿಗೆ 70 ಕೋಟಿ ಡಾಲರು! ಬೆಂಗಳೂರಿನ ತಂಡ 11.16 ಕೋಟಿ ಡಾಲರಿಗೆ ಹೋಗಿತ್ತು, ಹತ್ತು ವರ್ಷಗಳ ಕಂತಿನಲ್ಲಿ. ಪುಣೆಯವರು ಅದರ ಮೂರು ಪಟ್ಟಿಗಿಂತ ಹೆಚ್ಚು ಒಪ್ಪಿಕೊಂಡರು. ಅಂಗಡಿ ಅದೇ ಸಾಲಿನದು, ಸರಕು ಅದೇ, ಬಾಡಿಗೆ ಮಾತ್ರ ಪಕ್ಕದವನ ಮೂರು ಪಟ್ಟು. ಇಂಥ ಅಂಗಡಿ ಎಷ್ಟು ದಿನ ನಡೆದೀತು ಎಂದು ನಮ್ಮ ಹಿರಿಯರು ಯಾರಾದರೂ ಹೇಳಿಯಾರು.

2011ರ ಜನವರಿಯ ಹರಾಜಿಗೆ ಮುನ್ನ ಹೊಸಬರಿಗೆ ಮೂವರನ್ನು ಆರಿಸಿಕೊಳ್ಳುವ ಅವಕಾಶ ಇರಲಿಲ್ಲ. ಹಳೆಯ ತಂಡಗಳು ಸೇರಿ ಹನ್ನೆರಡು ಮಂದಿಯನ್ನು ಉಳಿಸಿಕೊಂಡವು. ಅದರಲ್ಲಿ ಚೆನ್ನೈ, ಮುಂಬಯಿಗಳದೇ ಎಂಟು. ಬೆಂಗಳೂರು ಉಳಿಸಿಕೊಂಡದ್ದು ಕೊಹ್ಲಿ ಒಬ್ಬನನ್ನೇ. ಹೊಸಬರ ಥೈಲಿ ಪೂರಾ ತುಂಬಿತ್ತು. ಆದರೆ ತಂಡಕ್ಕೊಂದು ಬುನಾದಿ ಇರಲಿಲ್ಲ. ಹತ್ತು ತಂಡಗಳಲ್ಲಿ ಕೊಚ್ಚಿ ಎಂಟನೆಯದು, ಪುಣೆ ಒಂಬತ್ತನೆಯದು. ಅದರ ಮೇಲೆ 94 ಪಂದ್ಯಗಳ ಲೆಕ್ಕದಲ್ಲಿ ನಾವು ಬೆಲೆ ಕೂಗಿದ್ದು, ಆಡಿಸಿದ್ದು 74 ಮಾತ್ರ ಎಂಬ ತಕರಾರು ಹುಟ್ಟಿತು.

ಕೊಚ್ಚಿಯ ಪಾಲುದಾರರಲ್ಲೇ ಒಮ್ಮತ ಇರಲಿಲ್ಲ. ಬ್ಯಾಂಕ್ ಖಾತರಿ ಕೊಡಲಿಲ್ಲವೆಂದು ಮಂಡಳಿ 2011ರ ಸೆಪ್ಟೆಂಬರಿನಲ್ಲಿ ಆ ತಂಡವನ್ನೇ ರದ್ದು ಮಾಡಿತು. ಒಂದೇ ಒಂದು ಋತುವಿನ ಆಯುಷ್ಯ! ಪುಣೆಯದು ಮೂರು ಋತು. ಮೂರರಲ್ಲೂ ಪಟ್ಟಿಯ ಕೊನೆಯ ಎರಡು ಸ್ಥಾನಗಳ ಆಚೆ ಬರಲಿಲ್ಲ. 2013ರಲ್ಲಿ ಅದೂ ಮುಗಿಯಿತು. ಕೊಚ್ಚಿಯ ವ್ಯಾಜ್ಯ ಮಾತ್ರ ಮುಗಿಯಲಿಲ್ಲ. ಮಂಡಳಿ ಆ ತಂಡದವರಿಗೆ 538 ಕೋಟಿ ರೂಪಾಯಿಗೂ ಹೆಚ್ಚು ಕೊಡಬೇಕೆಂಬ ಮಧ್ಯಸ್ಥಿಕೆಯ ತೀರ್ಪನ್ನು ಮುಂಬಯಿ ಹೈಕೋರ್ಟು ಎತ್ತಿಹಿಡಿದದ್ದು 2025ರ ಜೂನ್‌ನಲ್ಲಿ, ತಂಡ ಸತ್ತು ಹದಿನಾಲ್ಕು ವರ್ಷಗಳಾಗುತ್ತ ಬಂದಾಗ.

ಮಾಲೀಕರಿಗೆ ಹೀಗೆ ಕೋರ್ಟಿತ್ತು, ಮಧ್ಯಸ್ಥಿಕೆಯಿತ್ತು. ಆದರೆ ಕೊಚ್ಚಿಯ ಅಂಗಿ ಕೊಡಿಸಿಕೊಂಡು ಕುಣಿದ ಹುಡುಗನ ಅರ್ಜಿಯನ್ನು ಯಾವ ಕೋರ್ಟು ತೆಗೆದುಕೊಂಡೀತು? “ನಮ್ಮ ತಂಡ ಮುಂದಿನ ವರ್ಷ ಯಾಕಿಲ್ಲ?” ಎಂದು ಅವನು ಕೇಳಿದರೆ ತಂದೆ ಏನೆಂದು ಹೇಳಬೇಕು? ಬ್ಯಾಂಕ್ ಖಾತರಿ ಎಂದು ಹೇಳಬೇಕೇ?

ಹೈದರಾಬಾದಿನ ಕಥೆಯೂ ಇಂಥದ್ದೇ. ಡೆಕ್ಕನ್ ಚಾರ್ಜರ್ಸ್ ಮೊದಲಿನಿಂದ ಇದ್ದ ತಂಡ. 2009ರ ಅಂತಿಮದಲ್ಲಿ ಬೆಂಗಳೂರನ್ನು ಆರು ಓಟಗಳಿಂದ ಸೋಲಿಸಿ ಕಪ್ಪು ಗೆದ್ದದ್ದು ಅದೇ. ಆದವಾನಿಯ ಮನೆಗಳಲ್ಲಿ ಅಂದು ನಗುವುದೋ ಅಳುವುದೋ ತಿಳಿಯದೆ ಕೂತವರು ಎಷ್ಟೋ! ಹಣಕಾಸಿನ ಬಿಕ್ಕಟ್ಟಿನಲ್ಲಿ ಆ ತಂಡವೂ 2012ರಲ್ಲಿ ರದ್ದಾಯಿತು. ಅದರ ಜಾಗಕ್ಕೆ ಸನ್‌ರೈಸರ್ಸ್ ಬಂತು. ಕಪ್ಪು ಗೆದ್ದ ತಂಡಕ್ಕೇ ಈ ಗತಿಯಾದರೆ ಹೊಸದಾಗಿ ಬಂದು ಸಾಲು ಸಾಲು ಸೋಲುವ ತಂಡದ ಪಾಡೇನು?

ಆದ್ದರಿಂದ ಹೊಸ ತಂಡಕ್ಕೆ ಮೊದಲ ದಿನಗಳಲ್ಲಿ ಒಂದಿಷ್ಟು ಆಸರೆ ಕೊಡುವುದು ಪಕ್ಷಪಾತವಲ್ಲ ಎಂದೇ ನಮ್ಮ ಅಭಿಪ್ರಾಯ. ನಮ್ಮಲ್ಲಿ ಅಣ್ಣತಮ್ಮಂದಿರು ಬೇರೆಯಾಗಿ ತಮ್ಮನೊಬ್ಬ ಹೊಸ ಅಂಗಡಿ ಇಟ್ಟರೆ ಮೊದಲ ವರ್ಷ ಅಣ್ಣನೇ ಉದ್ದರಿಗೆ ಸರಕು ಕೊಡಿಸುತ್ತಾನೆ, ನಾಲ್ಕು ಗಿರಾಕಿಗಳನ್ನು ಕಳಿಸುತ್ತಾನೆ. ಅಂಗಡಿ ಬಾಗಿಲು ಹಾಕಿದರೆ ಮನೆತನದ ಹೆಸರಿಗೇ ಕುಂದಲ್ಲವೇ? 2016, 2017ರಲ್ಲಿ ಆದದ್ದೂ ಇದೇ. 2013ರ ಕಳ್ಳಾಟದ ಪ್ರಕರಣದಿಂದಾಗಿ ಲೋಧಾ ಸಮಿತಿ ಚೆನ್ನೈ, ರಾಜಸ್ಥಾನಗಳನ್ನು ಎರಡು ವರ್ಷ ಹೊರಗಿಟ್ಟಾಗ ಅವುಗಳ ಬದಲಿಗೆ ಪುಣೆ, ರಾಜಕೋಟೆಗಳ ತಂಡಗಳು ಬಂದವು. ಆ ಎರಡು ತಂಡಗಳ ಆಟಗಾರರಲ್ಲಿ ಐದೈದು ಮಂದಿಯನ್ನು ಹರಾಜಿಗೆ ಮೊದಲೇ ಆರಿಸಿಕೊಳ್ಳಲು ಬಿಟ್ಟರು. ಗುಜರಾತ್ ಲಯನ್ಸ್ ಎಂದು ಕರೆಸಿಕೊಂಡ ರಾಜಕೋಟೆಯವರು ಮೊದಲ ವರ್ಷ ಪಟ್ಟಿಯ ತುದಿಗೇರಿದರು. ಪುಣೆಯವರು ಮರುವರ್ಷ ಅಂತಿಮಕ್ಕೆ ಬಂದು ಒಂದೇ ಓಟದಿಂದ ಸೋತರು. ಬುನಾದಿ ಸಿಕ್ಕರೆ ಹೊಸಬರೂ ನಿಲ್ಲುತ್ತಾರೆ ಎಂಬುದು ಅಲ್ಲಿಗೆ ಸಿದ್ಧವಾಗಿತ್ತು.

ಈ ತಕರಾರು ನಮ್ಮ ದೇಶದ್ದಷ್ಟೇ ಅಲ್ಲ. ಅಮೆರಿಕ, ಕೆನಡಾಗಳಲ್ಲಿ ಮಂಜುಗಡ್ಡೆಯ ಮೇಲೆ ಆಡುವ ಹಾಕಿಯ ದೊಡ್ಡ ಲೀಗ್ ಒಂದಿದೆ. ಅದಕ್ಕೆ 2017ರಲ್ಲಿ ಲಾಸ್ ವೇಗಸ್ ಊರಿನ ತಂಡ 50 ಕೋಟಿ ಡಾಲರು ಕೊಟ್ಟು ಸೇರಿತು. ಹಿಂದೆ ಸೇರಿದ ಹೊಸಬರಿಗಿಂತ ಒಳ್ಳೆಯ ಆಟಗಾರರು ಅದಕ್ಕೆ ಸಿಗುವಂತೆ ನಿಯಮವನ್ನು ಸಡಿಲಿಸಿದ್ದರು. ಮೊದಲ ವರ್ಷವೇ ಅದು ಅಂತಿಮಕ್ಕೆ ಬಂದಾಗ ಅಲ್ಲಿಯ ಹಳೆಯ ಅಭಿಮಾನಿಗಳು ನಮ್ಮವರಂತೆಯೇ ಕೆರಳಿದರು. ಆದರೆ ಆ ಅಂತಿಮದಲ್ಲಿ ವೇಗಸ್ಸನ್ನು ಸೋಲಿಸಿದ್ದು ಯಾರು? ವಾಷಿಂಗ್ಟನ್ ತಂಡ. ಅದು 1974ರಲ್ಲಿ ತಾನೇ ಹೊಸದಾಗಿ ಬಂದಾಗ 80 ಪಂದ್ಯಗಳಲ್ಲಿ ಗೆದ್ದದ್ದು ಎಂಟೇ ಎಂಟು! ಅದರ ಮೊದಲ ಕಪ್ಪು ಬಂದದ್ದು 2018ರಲ್ಲಿ. ಹೊಸಬರಿಗೆ ಒಳ್ಳೆಯ ಆಟಗಾರರು ಸಿಗದಿದ್ದರೆ ಹೇಗಿರುತ್ತದೆ ಎಂಬುದಕ್ಕೆ ಇದು ಮಾದರಿ.

ಹಾಗಾದರೆ ಹಳೆಯ ಅಭಿಮಾನಿಯ ನೋವೆಲ್ಲ ಸುಳ್ಳೇ? ಅಲ್ಲ. ನೋವು ನಿಜವೇ. ಆದರೆ ಅವನು ಬೆರಳು ತೋರಿಸುತ್ತಿರುವ ಕಡೆ ಬೇರೆ, ನೋವು ಹುಟ್ಟಿದ ಕಡೆ ಬೇರೆ.

ಜಮಾ ಖರ್ಚು ಹಾಕಿ ನೋಡೋಣ. ಹೊಸಬರು ಬಂದದ್ದರಿಂದ ಮಂಡಳಿಗೆ 12,715 ಕೋಟಿ. ಪಂದ್ಯಗಳು 60ರಿಂದ 74ಕ್ಕೆ ಏರಿದವು. ಐದು ವರ್ಷಗಳ ಪ್ರಸಾರದ ಹಕ್ಕು 2018ರಿಂದ 2022ರವರೆಗೆ 16,347 ಕೋಟಿ ಇದ್ದದ್ದು 2023ರಿಂದ 2027ರವರೆಗೆ 48,390 ಕೋಟಿಗೆ ಹೋಯಿತು. ಅದೆಲ್ಲ ಹೊಸ ತಂಡಗಳ ಪುಣ್ಯವೆಂದು ಹೇಳಲಾಗದು. ಆದರೆ ಪಂದ್ಯ ಹೆಚ್ಚಿದರೆ ಮಾರುವ ಸರಕು ಹೆಚ್ಚಿದಂತೆ. ಈ ಹಣದಲ್ಲಿ ಒಂದು ಪಾಲು ಎಲ್ಲ ತಂಡಗಳಿಗೂ ಹಂಚಿಕೆಯಾಗುವುದರಿಂದ ಹಳೆಯ ಮಾಲೀಕರಿಗೂ ಲಾಭವೇ. ಹೊಸ ಮಾಲೀಕರಿಗೂ ನಷ್ಟವಿಲ್ಲ. ಗುಜರಾತ್ ತಂಡವನ್ನು ಕೊಂಡಿದ್ದ ಸಿವಿಸಿಯವರು 2025ರಲ್ಲಿ ತಮ್ಮ ಮೂರರಲ್ಲಿ ಎರಡು ಪಾಲನ್ನು ಅಹಮದಾಬಾದಿನ ಟೊರೆಂಟ್ ಸಮೂಹಕ್ಕೆ ಮಾರಿದರು. ಆಟಗಾರರ ಬೆಲೆಯೂ ಏರಿತು. ಮಂಡಳಿ, ಹಳೆಯ ಮಾಲೀಕ, ಹೊಸ ಮಾಲೀಕ, ಆಟಗಾರ ಈ ನಾಲ್ವರ ಖಾತೆಯಲ್ಲೂ ಜಮೆಯೇ ಇದೆ. ಖರ್ಚು ಬಿದ್ದದ್ದು ಯಾರ ಖಾತೆಗೆ?

ಅಭಿಮಾನಿಯ ಖಾತೆಗೆ. ಹಳೆಯ ಮಾಲೀಕ ಆಟಗಾರನನ್ನು ಕಳೆದುಕೊಂಡರೆ ಪ್ರಸಾರದ ಹಣದಲ್ಲಿ ತುಂಬಿಕೊಳ್ಳುತ್ತಾನೆ. ಅಭಿಮಾನಿ ಯಾವುದರಲ್ಲಿ ತುಂಬಿಕೊಳ್ಳಬೇಕು? ಅವನು ಹೂಡಿದ್ದು ಹಣವಲ್ಲ, ವರ್ಷಗಳು. ಚಹಲ್ ಬೆಂಗಳೂರಿಗೆ ಆಡಿದ್ದು ಎಂಟು ಋತು. ಆ ಎಂಟು ವರ್ಷಗಳಲ್ಲಿ ಎಂಟು ವಯಸ್ಸಿನ ಹುಡುಗ ಕಾಲೇಜಿಗೆ ಬಂದಿರುತ್ತಾನೆ. ವ್ಯಾಪಾರದಲ್ಲಿ ಇಂಥದಕ್ಕೆ ನಾವು ಹೆಸರು, ಪತ್ತು, ಗುಡ್‌ವಿಲ್ ಎಂದೆಲ್ಲ ಬೆಲೆ ಕಟ್ಟುತ್ತೇವೆ. ಪಾಲು ಒಡೆಯುವಾಗ ಅದನ್ನೂ ಲೆಕ್ಕಕ್ಕೆ ಹಿಡಿಯುತ್ತೇವೆ. ಇಲ್ಲಿ ಆ ಗುಡ್‌ವಿಲ್ ಕಟ್ಟಿದವನು ಗಿರಾಕಿ. ಪಾಲು ಒಡೆಯುವಾಗ ಅವನನ್ನು ಕರೆದವರೇ ಇಲ್ಲ.

ಹಾರ್ದಿಕ್ ಪಾಂಡ್ಯನ ಸಂಗತಿ ನೋಡಿ. ಏಳು ಋತು ಮುಂಬಯಿಯಲ್ಲಿ ಆಡಿದವನು 2022ರಲ್ಲಿ ಗುಜರಾತಿನ ನಾಯಕನಾದ, ಕಪ್ಪು ಗೆಲ್ಲಿಸಿದ. ಮರುವರ್ಷ ಮತ್ತೆ ಅಂತಿಮಕ್ಕೆ ತಂದ. 2023ರ ನವೆಂಬರಿನಲ್ಲಿ ಮುಂಬಯಿಗೇ ವಾಪಸಾಗಿ ಅಲ್ಲಿ ನಾಯಕನಾದ. 2024ರಲ್ಲಿ ಅಹಮದಾಬಾದಿನಲ್ಲೂ ಜನ ಅವನನ್ನು ಹೀಯಾಳಿಸಿದರು, ಮುಂಬಯಿಯಲ್ಲೂ ಹೀಯಾಳಿಸಿದರು. ಹಳೆಯ ತಂಡದ ಅಭಿಮಾನಿಗೂ ಸಿಟ್ಟು, ಹೊಸ ತಂಡದ ಅಭಿಮಾನಿಗೂ ಸಿಟ್ಟು. ಇದರಲ್ಲಿ ಹೊಸದು ಹಳೆಯದು ಎಂಬ ಭೇದವೆಲ್ಲಿ ಬಂತು? ಎರಡೂ ಕಡೆ ಕೇಳದೆ ಕೊಟ್ಟದ್ದು, ಕೇಳದೆ ಕಿತ್ತುಕೊಂಡದ್ದು. ನಡೆದುಕೊಂಡ ರೀತಿ ಒಪ್ಪತಕ್ಕದ್ದಲ್ಲ. ಆದರೆ ಸಿಟ್ಟಿನ ಬೇರು ಅರ್ಥವಾಗುವಂಥದು.

ಕೆ. ಎಲ್. ರಾಹುಲನ ಮಾತೂ ಅಷ್ಟೇ. ಸುರತ್ಕಲ್ಲಿನಲ್ಲಿ ಬೆಳೆದ ಹುಡುಗ, ಕಾಸರಗೋಡಿನವರಿಗೆ ನೆರೆಮನೆಯವನಿದ್ದಂತೆ. ಬೆಂಗಳೂರಿಗೆ ಆಡಿದ, ಹೈದರಾಬಾದಿಗೆ ಆಡಿದ, ಪಂಜಾಬಿನ ನಾಯಕನಾದ, ಹೊಸ ಲಖನೌದ ಮೊದಲ ನಾಯಕನಾದ, 2024ರ ನವೆಂಬರಿನ ಹರಾಜಿನಲ್ಲಿ 14 ಕೋಟಿಗೆ ದೆಹಲಿಗೆ ಹೋದ. ಅವನನ್ನು ಹಿಂಬಾಲಿಸುವ ನಮ್ಮ ಹುಡುಗರು ಎಷ್ಟು ಬಣ್ಣದ ಅಂಗಿ ಕೊಂಡಾರು?

ಆದುದರಿಂದ ನಮಗೆ ಕಾಣುವುದಿಷ್ಟು. ಹೊಸ ತಂಡಕ್ಕೆ ಮೂವರನ್ನು ಕೊಟ್ಟದ್ದು ತಪ್ಪಲ್ಲ. ಹೊಸಬರಿಗೆ ಜಾಗ ಮಾಡುವ ನೆಪದಲ್ಲಿ ಹಳೆಯ ತಂಡಗಳನ್ನು ಬುಡಸಮೇತ ಅಲ್ಲಾಡಿಸಿ, ಆಟಗಾರನನ್ನು ವಾಪಸು ಕರೆದುಕೊಳ್ಳುವ ಹಕ್ಕನ್ನೂ ತೆಗೆದದ್ದು ತಪ್ಪು. ಮಂಡಳಿಗೂ ಇದು ತಿಳಿಯಿತೋ ಏನೋ, 2025ರ ಋತುವಿಗೆ ನಡೆದ ದೊಡ್ಡ ಹರಾಜಿನಲ್ಲಿ ಉಳಿಸಿಕೊಳ್ಳುವುದು, ವಾಪಸು ಪಡೆಯುವುದು ಎರಡೂ ಸೇರಿ ಆರು ಮಂದಿಗೆ ಅವಕಾಶ ಕೊಟ್ಟರು. ಐದಿದ್ದದ್ದು ನಾಲ್ಕಾಗಿ, ನಾಲ್ಕಿದ್ದದ್ದು ಆರಾಯಿತು. ಹಳೆಯ ಅಭಿಮಾನಿಯ ದೂರಿನಲ್ಲಿ ಹುರುಳಿತ್ತು ಎಂಬುದಕ್ಕೆ ಈ ಬದಲಾವಣೆಯೇ ಸಾಕ್ಷಿ.

ಮಣೆಯ ಮಾತಿಗೆ ಬಂದರೆ, ಅದರ ಮೇಲೆ ಯಾರೂ ಬಹುಕಾಲ ಕೂರಲಿಲ್ಲ. 2024ರಲ್ಲಿ ಲಖನೌ ಏಳನೆಯದು, ಗುಜರಾತ್ ಎಂಟನೆಯದು. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಎಂಬ ಗಾದೆಯಂತೆ 2025ರ ಜೂನ್ 3ರಂದು ಅದೇ ಅಹಮದಾಬಾದಿನ ಮೈದಾನದಲ್ಲಿ ಬೆಂಗಳೂರು ಪಂಜಾಬನ್ನು ಆರು ಓಟಗಳಿಂದ ಸೋಲಿಸಿ ಹದಿನೆಂಟನೆಯ ಋತುವಿನಲ್ಲಿ ಮೊದಲ ಕಪ್ಪು ಎತ್ತಿತು. ನಾಯಕ ಯಾರು? 2022ರಲ್ಲಿ ಯಾರೂ ಕೊಳ್ಳದೆ ಬಿಟ್ಟ ಅದೇ ರಜತ್ ಪಾಟೀದಾರ್. 2009ರಲ್ಲಿ ಸೋತದ್ದೂ ಆರೇ ಓಟಗಳಿಂದ, 2025ರಲ್ಲಿ ಗೆದ್ದದ್ದೂ ಆರೇ ಓಟಗಳಿಂದ.

ಆದರೆ ಮರುದಿನ ಆದದ್ದನ್ನು ಬರೆಯದೆ ಈ ಲೆಕ್ಕ ಪೂರ್ತಿಯಾಗದು. ಜೂನ್ 4ರಂದು ವಿಜಯೋತ್ಸವ ನೋಡಲು ಬೆಂಗಳೂರಿನ ಚಿನ್ನಸ್ವಾಮಿ ಮೈದಾನದ ಹೊರಗೆ ನೆರೆದಿದ್ದ ಜನಸಂದಣಿಯಲ್ಲಿ ಕಾಲ್ತುಳಿತವಾಗಿ ಹನ್ನೊಂದು ಮಂದಿ ಪ್ರಾಣ ಕಳೆದುಕೊಂಡರು. ಹದಿನೆಂಟು ವರ್ಷ ಕಾದವರು ಗೇಟಿನ ಹೊರಗೇ ಉಳಿದರು. ಯಾರ ತಪ್ಪು ಎಷ್ಟು ಎಂದು ತೂಗುವುದು ಈ ಅಂಕಣದ ಕೆಲಸವಲ್ಲ. ಆದರೆ ಅಭಿಮಾನಿಯನ್ನು ಎಣಿಕೆಗೆ ಹಿಡಿಯುವವರು ಇದ್ದಾರೆ, ಅವನ ಯೋಗಕ್ಷೇಮಕ್ಕೆ ಹೊಣೆಯಾಗುವವರು ಕಡಮೆ ಎಂಬ ಮಾತನ್ನು ಆ ದಿನ ಬಹಳ ಕಠೋರವಾಗಿ ತೋರಿಸಿಕೊಟ್ಟಿತು. ಹೊಸ ತಂಡ, ಹಳೆಯ ತಂಡ ಎಂಬ ಜಗಳಕ್ಕಿಂತ ದೊಡ್ಡ ಪ್ರಶ್ನೆ ಇದು.

ಲೀಗು ಮುಂದೆಯೂ ಬೆಳೆಯಬಹುದು, ಇನ್ನೊಂದೆರಡು ತಂಡಗಳು ಬಂದರೂ ಬರಬಹುದು. ಬರಲಿ. ಆದರೆ ಮೂರು ಮಾತು ನಡೆಯಬೇಕು. ಒಂದು, ಹೊಸಬರಿಗೆ ಕೊಡುವ ರಿಯಾಯಿತಿ ಏನೆಂಬುದು ಬೆಲೆ ಕೂಗುವ ಮೊದಲೇ ಎಲ್ಲರಿಗೂ ತಿಳಿದಿರಬೇಕು. ಸರಕು ತೂಗಿದ ಮೇಲೆ ತಕ್ಕಡಿ ಬದಲಿಸಬಾರದು. ಎರಡು, ಎಷ್ಟೇ ತಂಡ ಬಂದರೂ ಹಳೆಯ ತಂಡ ತನ್ನವರಲ್ಲಿ ಅರ್ಧ ತಂಡದಷ್ಟನ್ನಾದರೂ ಇಟ್ಟುಕೊಳ್ಳುವಂತಿರಬೇಕು. ಮೂರು, ಮಾಲೀಕ ಮುಳುಗಿದರೂ ಊರಿನ ತಂಡ ಮುಳುಗಬಾರದು. ಅದನ್ನು ಬೇರೆಯವರಿಗೆ ಒಪ್ಪಿಸಿ ನಡೆಸುವ ಏರ್ಪಾಡು ಕರಾರಿನಲ್ಲೇ ಇರಬೇಕು. ಕೊಚ್ಚಿಯ ಹುಡುಗನಿಗೆ ಆದದ್ದು ಇನ್ನೊಂದು ಊರಿನ ಹುಡುಗನಿಗೆ ಆಗಬಾರದು.

ಮನೆಯ ಹಿರಿಯರಿಗೂ ಒಂದು ಮಾತು. ಮಕ್ಕಳು ಸೋತ ರಾತ್ರಿ “ಎಲ್ಲ ಮೊದಲೇ ಗೊತ್ತುಮಾಡಿದ್ದು, ಮೋಸ” ಎಂದು ಎದ್ದುಹೋಗುವುದು ಸುಲಭ. ಅದಕ್ಕೆ ನಾವು ತಲೆಯಾಡಿಸಿದರೆ, ನಾಳೆ ಪರೀಕ್ಷೆಯಲ್ಲಿ, ವ್ಯಾಪಾರದಲ್ಲಿ ಹಿನ್ನಡೆಯಾದಾಗಲೂ ಅವರು ಅದೇ ಮಾತಿನ ಮರೆ ಸೇರುತ್ತಾರೆ. ಹಾಗೆಂದು ಅವರ ದೂರನ್ನು ನಕ್ಕು ತಳ್ಳುವುದೂ ಬೇಡ. ಕಾಗದ, ಪೆನ್ಸಿಲ್ಲು ಕೊಟ್ಟು “ಯಾರಿಗೆ ಎಷ್ಟು ಹೋಯಿತು, ಯಾರಿಂದ ಏನು ಹೋಯಿತು, ಬರೆದು ತೋರಿಸು” ಎಂದು ಕೂರಿಸಿರಿ. ಹುಡುಗ ಎರಡೂ ಕಡೆಯ ಅಂಕಿ ಬರೆದು ಕೂಡಿಸಿದ ಮೇಲೂ ಅನ್ಯಾಯವೆಂದೇ ಹೇಳಿದರೆ, ಆಗ ಅವನ ಮಾತನ್ನು ಕಿವಿಗೊಟ್ಟು ಕೇಳಿರಿ. ಅದು ಸೋತವನ ಗೊಣಗಾಟವಲ್ಲ, ಲೆಕ್ಕ ಬಲ್ಲವನ ಮಾತು.